ಲಕೋಟೆಯೊಳಗೆ ನಾಳಿನ ತಲೆಬರಹ: ದಿನಪತ್ರಿಕೆ ಹಿಡಿದು ಮನಸ್ಸು ಓದುವವರ ಗುಟ್ಟು

ವೇದಿಕೆಯ ಮೇಲಿರುವ ವ್ಯಕ್ತಿ ಅಂದಿನ ದಿನಪತ್ರಿಕೆಯ ಒಂದು ಉದ್ದನೆಯ ಕಾಲಂ ಅನ್ನು ಕತ್ತರಿಸಿ ಎಡಗೈಯಲ್ಲಿ ತೂಗುಬಿಟ್ಟಿದ್ದಾನೆ. ಬಲಗೈಯಲ್ಲಿ ಕತ್ತರಿ. ಪ್ರೇಕ್ಷಕರಲ್ಲೊಬ್ಬರು ಮುಚ್ಚಿದ ಲಕೋಟೆಯೊಂದನ್ನು ಹಿಡಿದು ಎದುರಿಗೆ ನಿಂತಿದ್ದಾರೆ. ಕತ್ತರಿ ಆ ಪಟ್ಟಿಯ ಉದ್ದಕ್ಕೂ ನಿಧಾನವಾಗಿ ಮೇಲೆ ಕೆಳಗೆ ಚಲಿಸುತ್ತದೆ. ‘ನಿಮಗೆ ತೋಚಿದಾಗ ನಿಲ್ಲಿಸಿ ಎನ್ನಿ’ ಎನ್ನುತ್ತಾನೆ ಆತ. ಅವರು ನಿಲ್ಲಿಸಿ ಎಂದೊಡನೆ ಅದೇ ಸ್ಥಳದಲ್ಲಿ ಕತ್ತರಿ ಆಡುತ್ತದೆ, ಕೆಳಭಾಗದ ತುಂಡು ನೆಲಕ್ಕೆ ಬೀಳುತ್ತದೆ. ಅವರೇ ಬಾಗಿ ಅದನ್ನೆತ್ತಿಕೊಂಡು ಮೊದಲ ಸಾಲನ್ನು ಗಟ್ಟಿಯಾಗಿ ಓದುತ್ತಾರೆ. ಬಳಿಕ ಲಕೋಟೆ ಒಡೆದು ನೋಡಿದರೆ ಒಳಗಿನ ಚೀಟಿಯಲ್ಲಿ ಅಕ್ಷರಶಃ ಅದೇ ಸಾಲು!

ಮೆಂಟಲಿಸಂ ಎಂದು ಕರೆಯಲಾಗುವ ಜಾದೂ ಪ್ರಕಾರದ ಒಂದು ಸರಳ ಮಾದರಿಯಿದು. ಇಲ್ಲಿ ಟೋಪಿಯಿಂದ ಮೊಲ ಹೊರಬರುವುದಿಲ್ಲ, ಯಾರನ್ನೂ ಗರಗಸದಿಂದ ಕೊಯ್ಯುವುದಿಲ್ಲ. ಮನಸ್ಸಿನಲ್ಲಿರುವುದನ್ನು ಓದಿದಂತೆ, ಮುಂದೆ ನಡೆಯುವುದನ್ನು ಮೊದಲೇ ಕಂಡಂತೆ ಭ್ರಮೆ ಹುಟ್ಟಿಸುವುದಷ್ಟೇ ಇದರ ಕೆಲಸ. ಅದಕ್ಕೆ ದಿನಪತ್ರಿಕೆಗಿಂತ ಒಳ್ಳೆಯ ಸಲಕರಣೆ ಸಿಗುವುದು ಕಷ್ಟ. ಇಸ್ಪೀಟು ಎಲೆಗಳನ್ನು ಕಂಡರೆ ಜನ ಒಳಗೇನೋ ಮೋಸವಿದೆ ಎಂದು ಶಂಕಿಸುತ್ತಾರೆ. ಮನೆ ಬಾಗಿಲಿಗೆ ಬಂದು ಬೀಳುವ ಪತ್ರಿಕೆಯನ್ನು ಯಾರೂ ಶಂಕಿಸುವುದಿಲ್ಲ. ಅದನ್ನು ಜಾದೂಗಾರ ಮುದ್ರಿಸಿದ್ದಲ್ಲ, ನಾವೆಲ್ಲರೂ ಬೆಳಿಗ್ಗೆ ಓದಿದ್ದು ತಾನೆ?

ಮೊದಲು ಹೇಳಿದ ಕತ್ತರಿಯ ಆಟದ ಗುಟ್ಟು ಕೇಳಿದರೆ ನಗು ಬರಬಹುದು. ಆ ಪಟ್ಟಿಯನ್ನು ಆತ ತಲೆಕೆಳಗಾಗಿ ಹಿಡಿದಿರುತ್ತಾನೆ. ಶೀರ್ಷಿಕೆಯನ್ನು ಮೊದಲೇ ಕತ್ತರಿಸಿ ತೆಗೆದಿರುವುದರಿಂದ ಸುದ್ದಿಯ ಮೊದಲ ಸಾಲು ಪಟ್ಟಿಯ ತುದಿಯಲ್ಲೇ, ಅಂದರೆ ನೆಲದ ಕಡೆಗೆ, ತೂಗುತ್ತಿರುತ್ತದೆ. ಎಲ್ಲಿ ಕತ್ತರಿಸಿದರೂ ಬೀಳುವ ತುಂಡಿನಲ್ಲಿ ಆ ಸಾಲು ಇದ್ದೇ ಇರುತ್ತದೆ. ಎತ್ತಿಕೊಂಡವರು ಓದಲು ಅನುಕೂಲವಾಗುವಂತೆ ತುಂಡನ್ನು ನೇರ ಮಾಡಿಕೊಂಡಾಗ ಅದು ತಾನಾಗಿಯೇ ಮೇಲಕ್ಕೆ ಬರುತ್ತದೆ. ತಾವು ‘ನಿಲ್ಲಿಸಿ’ ಎಂದ ಜಾಗ ಈಗ ತುಂಡಿನ ಬುಡದಲ್ಲಿದೆ ಎಂಬುದು ಅವರಿಗೆ ಹೊಳೆಯುವುದಿಲ್ಲ; ಹೊಸದಾಗಿ ಕತ್ತರಿಸಿದ ಅಂಚೇ ಮೇಲಿದೆ ಎಂದು ನಂಬುತ್ತಾರೆ. ಪಟ್ಟಿಯ ಎರಡೂ ತುದಿಗಳನ್ನು ಮೊದಲೇ ಕತ್ತರಿಯಿಂದಲೇ ನೀಟಾಗಿ ಕತ್ತರಿಸಿಟ್ಟಿದ್ದರೆ ಹಳೆಯ ಅಂಚು ಯಾವುದು, ಹೊಸದು ಯಾವುದು ಎಂದು ಗುರುತಿಸಲಾಗದು.

ಮನೆಯಲ್ಲಿ ಇದನ್ನು ಪ್ರಯತ್ನಿಸುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಚಿತ್ರವಾಗಲಿ ಉಪಶೀರ್ಷಿಕೆಯಾಗಲಿ ಇಲ್ಲದ ಕಾಲಂ ಆರಿಸಿಕೊಳ್ಳಿ, ಏಕೆಂದರೆ ತಲೆಕೆಳಗಾದ ಭಾವಚಿತ್ರವೊಂದು ಸಾಕು ಗುಟ್ಟು ರಟ್ಟಾಗಲು. ಹಿಂಬದಿಯಲ್ಲಿಯೂ ಬರೀ ಅಕ್ಷರಗಳೇ ಇದ್ದರೆ ಲೇಸು. ಕನ್ನಡದ ದುಂಡನೆಯ ಅಕ್ಷರಗಳು ಈ ಆಟಕ್ಕೆ ಹೇಳಿ ಮಾಡಿಸಿದಂತಿವೆ ಎಂಬುದು ನನ್ನ ಅಭಿಪ್ರಾಯ. ಹಿಂದಿ ಪತ್ರಿಕೆಯಲ್ಲಿ ಅಕ್ಷರಗಳ ನೆತ್ತಿಯ ಮೇಲೆ ಹಾಯುವ ಗೆರೆ ತಲೆಕೆಳಗಾದರೆ ಬೇಗ ಕಣ್ಣಿಗೆ ಬೀಳಬಹುದು. ಕನ್ನಡ ಮುದ್ರಣ ನಾಲ್ಕಾರು ಅಡಿ ದೂರಕ್ಕೆ ಬೂದು ಬಣ್ಣದ ಪಟ್ಟಿಯಾಗಿಯಷ್ಟೇ ಕಾಣುತ್ತದೆ. ಒಂದು ತೊಡಕೂ ಉಂಟು. ಕಿರಿದಾದ ಕಾಲಂಗಳಲ್ಲಿ ನಮ್ಮ ಉದ್ದುದ್ದ ಪದಗಳು ಸಾಲಿನ ಕೊನೆಯಲ್ಲಿ ತುಂಡಾಗುತ್ತವೆ. ‘ಮುಖ್ಯಮಂ’ ಎಂದು ಮುಗಿಯುವ ಸಾಲನ್ನು ಭವಿಷ್ಯವಾಣಿಯಾಗಿ ಬರೆದಿಟ್ಟರೆ ಸಭೆ ನಕ್ಕೀತು. ಪೂರ್ಣ ಪದದಿಂದ ಮುಗಿಯುವ ಸಾಲುಳ್ಳ ಸುದ್ದಿಯನ್ನು ಹುಡುಕಿಕೊಳ್ಳುವುದು ಕ್ಷೇಮ.

ಎರಡನೆಯ ಆಟದಲ್ಲಿ ಕೈಚಳಕದ ಬದಲು ಗಣಿತವಿದೆ. ಮೂರಂಕಿಯ ಯಾವುದಾದರೂ ಸಂಖ್ಯೆಯನ್ನು ಬರೆಯುವಂತೆ ಪ್ರೇಕ್ಷಕರಿಗೆ ಹೇಳಿ. ಮೊದಲ ಮತ್ತು ಕೊನೆಯ ಅಂಕಿಗಳು ಒಂದೇ ಆಗಿರಬಾರದು. ಅದನ್ನು ತಿರುಗಿಸಿ ಬರೆದು ದೊಡ್ಡದರಿಂದ ಚಿಕ್ಕದನ್ನು ಕಳೆಯಲಿ. ಬಂದ ಉತ್ತರವನ್ನು ಮತ್ತೆ ತಿರುಗಿಸಿ ಬರೆದು ಎರಡನ್ನೂ ಕೂಡಲಿ. 742 ಎಂದಿಟ್ಟುಕೊಳ್ಳೋಣ. 742ರಿಂದ 247 ಕಳೆದರೆ 495. ಅದಕ್ಕೆ 594 ಕೂಡಿದರೆ 1089. ಬೇರಾವ ಸಂಖ್ಯೆಯಿಂದ ಹೊರಟರೂ ತಲುಪುವುದು 1089ಕ್ಕೇ. ಮೊದಲ ಕಳೆಯುವಿಕೆಯ ಉತ್ತರ ಸದಾ 99ರ ಗುಣಕವಾಗಿರುತ್ತದೆ. ಅದರ ನಡುವಿನ ಅಂಕಿ 9, ಎರಡು ತುದಿಗಳ ಅಂಕಿಗಳನ್ನು ಕೂಡಿದರೂ 9. ತಿರುಗಿಸಿ ಕೂಡಿದಾಗ 900, 180 ಮತ್ತು 9 ಸೇರುತ್ತವೆ, ಅಷ್ಟೇ. ಉತ್ತರ 99 ಬಂದಲ್ಲಿ ಮಾತ್ರ ಅದನ್ನು 099 ಎಂದು ಬರೆಸುವುದನ್ನು ಮರೆಯಬಾರದು.

ಈಗ ಪತ್ರಿಕೆಯನ್ನು ಅವರ ಕೈಗಿತ್ತು, ಹತ್ತನೇ ಪುಟ, ಎಂಟನೇ ಕಾಲಂ, ಒಂಬತ್ತನೇ ಪದ ನೋಡಿ ಎನ್ನಿ. ಆ ಪದವನ್ನು ನೀವು ಬೆಳಿಗ್ಗೆಯೇ ಬಾಯಿಪಾಠ ಮಾಡಿಕೊಂಡಿರುತ್ತೀರಿ! ಎಂಟನೇ ಕಾಲಂ ಜಾಹೀರಾತಿನ ಪಾಲಾಗಿದ್ದರೆ ಅಥವಾ ನಿಮ್ಮ ಪತ್ರಿಕೆಯಲ್ಲಿ ಅಷ್ಟು ಕಾಲಂಗಳೇ ಇಲ್ಲದಿದ್ದರೆ, ಹತ್ತನೇ ಪುಟದ ಮುಖ್ಯ ಸುದ್ದಿಯ ಎಂಟನೇ ಸಾಲಿನಿಂದ ಒಂಬತ್ತು ಪದ ಎಣಿಸುವಂತೆ ಹೇಳಬಹುದು. ಆದರೆ ಆವೃತ್ತಿಯ ವಿಷಯದಲ್ಲಿ ಎಚ್ಚರ ಬೇಕು. ಬೆಂಗಳೂರು ಆವೃತ್ತಿಯನ್ನು ಓದಿಕೊಂಡು ಹುಬ್ಬಳ್ಳಿಯ ನೆಂಟರ ಮನೆಯ ಪತ್ರಿಕೆ ಹಿಡಿದು ಆಟಕ್ಕೆ ಕುಳಿತರೆ ಮಾನ ಹೋಗುವುದು ಖಚಿತ.

ಇವೆರಡೂ ಮನೆಯಂಗಳದ ಆಟಗಳು. ದೊಡ್ಡ ವೇದಿಕೆಯ ಮೆಂಟಲಿಸ್ಟರು ಮೆಚ್ಚುವುದು ತಲೆಬರಹದ ಭವಿಷ್ಯವನ್ನು. ಪ್ರದರ್ಶನಕ್ಕೆ ವಾರವಿರುವಾಗಲೇ ಅರಗು ಒತ್ತಿದ ಲಕೋಟೆಯನ್ನು ಪೆಟ್ಟಿಗೆಯೊಳಗಿಟ್ಟು, ಬೀಗ ಜಡಿದು, ಊರಿನ ಗಣ್ಯರೊಬ್ಬರ ವಶಕ್ಕೆ ಒಪ್ಪಿಸಲಾಗುತ್ತದೆ. ಪ್ರದರ್ಶನದ ದಿನ ಸಭೆಯ ಮುಂದೆ ಪೆಟ್ಟಿಗೆ ತೆರೆದಾಗ ಒಳಗಿನ ಕಾಗದದಲ್ಲಿ ಅಂದಿನ ಪತ್ರಿಕೆಯ ಮುಖಪುಟದ ತಲೆಬರಹ ಇರುತ್ತದೆ. ಬ್ರಿಟನ್ನಿನ ಟೋನಿ ಕೊರಿಂಡಾ 1950ರ ದಶಕದ ಕೊನೆಯಲ್ಲಿ ಬಿಡಿ ಪುಸ್ತಿಕೆಗಳಾಗಿ ಹೊರತರಲಾರಂಭಿಸಿದ ‘ಥರ್ಟೀನ್ ಸ್ಟೆಪ್ಸ್ ಟು ಮೆಂಟಲಿಸಂ’ ಇಂದಿಗೂ ಈ ವಿದ್ಯೆಯ ಪಠ್ಯಪುಸ್ತಕ. ಅದರ ಹದಿಮೂರು ಹಂತಗಳಲ್ಲಿ ಒಂದು ಭವಿಷ್ಯವಾಣಿಗೇ ಮೀಸಲು; ಪ್ರಚಾರ ಗಿಟ್ಟಿಸುವ ತಂತ್ರಗಳಿಗೂ ಪ್ರತ್ಯೇಕ ಹಂತವೊಂದಿದೆ. ಎರಡನ್ನೂ ಕೂಡಿಸಿದರೆ ತಲೆಬರಹದ ಆಟ. ಪತ್ರಿಕೆಯವರೇ ಅದನ್ನು ಸುದ್ದಿ ಮಾಡುತ್ತಾರೆ, ಏಕೆಂದರೆ ಆಟದಲ್ಲಿ ಅವರ ಪತ್ರಿಕೆಯ ಹೆಸರೂ ಬರುತ್ತದೆ.

ವಾರದ ಹಿಂದೆ ಇಟ್ಟ ಲಕೋಟೆಯಲ್ಲಿ ಇಂದಿನ ಸುದ್ದಿ ಬಂದದ್ದಾದರೂ ಹೇಗೆ? ಉತ್ತರ ನೀರಸವಾಗಿದೆ: ಇಂದಿನ ಪತ್ರಿಕೆ ನೋಡಿದ ಮೇಲೆಯೇ ಅದನ್ನು ಬರೆಯಲಾಗಿದೆ. ವಾರದ ಹಿಂದೆ ಪೆಟ್ಟಿಗೆಗೆ ಹೋದದ್ದು ಖಾಲಿ ಕಾಗದವಿರಬಹುದು, ಏನೂ ಇಲ್ಲದೆಯೂ ಇರಬಹುದು. ನಿಜವಾದ ಚೀಟಿ ಒಳಸೇರುವುದು ಪೆಟ್ಟಿಗೆ ತೆರೆಯುವ ಗಳಿಗೆಯಲ್ಲಿ. ಅದಕ್ಕೆ ಹಲವು ದಾರಿಗಳಿವೆ. ಒಂದರೊಳಗೊಂದು ಇರುವ ಪೆಟ್ಟಿಗೆಗಳ ನಡುವೆ ಚಪ್ಪಟೆಯಾದ ಲೋಹದ ಕೊಳವೆಯೊಂದನ್ನು ತೂರಿಸಿಟ್ಟು, ಅದರ ಮೂಲಕ ವಸ್ತುವನ್ನು ಒಳಕ್ಕೆ ಜಾರಿಸಿ, ಕೊಳವೆಯನ್ನು ಹೊರಗೆಳೆದುಬಿಡುವುದು ಜಾದೂಗಾರರ ಹಳೆಯ ಉಪಾಯ. ಪೆಟ್ಟಿಗೆಯಿಂದ ಲಕೋಟೆಯನ್ನು ಹೊರತೆಗೆಯುವಾಗ ಕೈಚಳಕದಿಂದ ಬೇರೊಂದನ್ನು ಬದಲಿಸುವುದು ಇನ್ನೊಂದು. ಗಣ್ಯರು ವಾರವಿಡೀ ಕಾದದ್ದು ಬೀಗವನ್ನು. ಕಾಯಬೇಕಾಗಿದ್ದದ್ದು ಕೊನೆಯ ಅರ್ಧ ನಿಮಿಷವನ್ನು.

ವೇದಿಕೆಯ ಮೇಲೆ ಇದು ಮನರಂಜನೆ. ಟಿಕೆಟ್ ಕೊಂಡವರಿಗೆ ತಾವು ಜಾದೂ ನೋಡಲು ಬಂದಿದ್ದೇವೆಂಬುದು ಗೊತ್ತು. ಅದೇ ತಂತ್ರ ವೇದಿಕೆಯಿಂದಿಳಿದು ಸುದ್ದಿಮನೆಯೊಳಗೆ ಕಾಲಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ 1981ರಲ್ಲಿ ನಡೆದ ಪ್ರಕರಣವೊಂದಿದೆ. ಆ ವರ್ಷ ಮಾರ್ಚ್ 30ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಮೇಲೆ ಗುಂಡಿನ ದಾಳಿ ನಡೆಯಿತು. ಕೆಲವೇ ದಿನಗಳಲ್ಲಿ ಟಮಾರಾ ರ‍್ಯಾಂಡ್ ಎಂಬ ಭವಿಷ್ಯಗಾರ್ತಿಯ ಸಂದರ್ಶನದ ಟೇಪು ಅಲ್ಲಿನ ರಾಷ್ಟ್ರೀಯ ಟಿವಿ ಜಾಲಗಳಲ್ಲಿ ಪ್ರಸಾರವಾಯಿತು. ಜನವರಿಯಲ್ಲೇ ಚಿತ್ರೀಕರಿಸಿದ್ದೆನ್ನಲಾದ ಆ ಟೇಪಿನಲ್ಲಿ ದಾಳಿಯ ವಿವರಗಳು ಬೆರಗಾಗುವಷ್ಟು ನಿಖರವಾಗಿದ್ದವು. ವಾಸ್ತವದಲ್ಲಿ ಅದನ್ನು ಚಿತ್ರೀಕರಿಸಿದ್ದು ದಾಳಿಯ ಮರುದಿನ, ಮಾರ್ಚ್ 31ರಂದು. ಸಂದರ್ಶನ ನಡೆಸಿದ ಲಾಸ್ ವೇಗಸ್‌ನ ಟಿವಿ ನಿರೂಪಕ ಡಿಕ್ ಮಾರಿಸ್, ಅದು ಸುಳ್ಳೆಂದು ಕೆಲ ದಿನಗಳಲ್ಲೇ ಒಪ್ಪಿಕೊಂಡ. ಲಕೋಟೆ ಹೋಗಿ ಟೇಪು ಬಂದಿತ್ತು. ಆಟ ಹಳೆಯದೇ.

ಈ ಟೇಪನ್ನು ಪ್ರಸಾರ ಮಾಡಿದವರು ದಡ್ಡರಲ್ಲ. ಭವಿಷ್ಯ ನಿಜವಾಯಿತೇ ಎಂದು ನೋಡಿದರು. ಆ ಟೇಪು ಘಟನೆಗೆ ಮೊದಲು ಯಾರ ಕೈಯಲ್ಲಿತ್ತು, ಅದರೊಳಗೇನಿದೆ ಎಂಬುದನ್ನು ಮೂರನೆಯವರಾರಾದರೂ ಆಗಲೇ ಕಂಡಿದ್ದರೇ ಎಂದು ಕೇಳಲು ತಡ ಮಾಡಿದರು. ಬ್ರಿಟನ್ನಿನ ಡೆರೆನ್ ಬ್ರೌನ್ 2009ರ ಸೆಪ್ಟೆಂಬರ್ 9ರಂದು ರಾಷ್ಟ್ರೀಯ ಲಾಟರಿಯ ಆರು ಸಂಖ್ಯೆಗಳನ್ನು ‘ಮೊದಲೇ’ ಹೇಳಿದ್ದು ಭಾರೀ ಸುದ್ದಿಯಾಗಿತ್ತು. ಆತ ತನ್ನ ಚೆಂಡುಗಳ ಮೇಲಿನ ಸಂಖ್ಯೆಗಳನ್ನು ತೋರಿಸಿದ್ದು ಕೂಡ ಡ್ರಾ ಮುಗಿದ ನಂತರವೇ. ಆದರೆ ಬ್ರೌನ್ ತನಗೆ ಅತೀಂದ್ರಿಯ ಶಕ್ತಿಯಿಲ್ಲವೆಂದು ಬಹಿರಂಗವಾಗಿ ಹೇಳಿಕೊಳ್ಳುವ ಕಲಾವಿದ. ರ‍್ಯಾಂಡ್ ಪ್ರಕರಣದಲ್ಲಿ ಇಲ್ಲದಿದ್ದದ್ದು ಆ ಒಂದು ಮಾತು.

ನಮ್ಮಲ್ಲೂ ಈ ಪ್ರಶ್ನೆ ಹೊಸದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗಾಗಿ 1976ರಲ್ಲಿ ಸಮಿತಿಯೊಂದನ್ನು ರಚಿಸಿದಾಗ ನಾಡಿನಾದ್ಯಂತ ಚರ್ಚೆ ಎದ್ದಿತ್ತು. ಚುನಾವಣೆ, ಭೂಕಂಪ, ಗಣ್ಯರ ಸಾವು ಯಾವುದೇ ಇರಲಿ, ‘ನಾನು ಮೊದಲೇ ಹೇಳಿದ್ದೆ’ ಎನ್ನುವವರು ಮರುದಿನವೇ ಪ್ರತ್ಯಕ್ಷರಾಗುವುದನ್ನು ನಾವು ಕಾಣುತ್ತಲೇ ಇದ್ದೇವೆ. ಅವರನ್ನು ನಂಬಿ ಮನೆ ಮಾರುವವರು, ಮದುವೆ ಮುರಿಯುವವರು, ಚಿಕಿತ್ಸೆ ನಿಲ್ಲಿಸುವವರು ಇರುವುದರಿಂದ ಇದು ಬರಿಯ ಕುತೂಹಲದ ವಿಷಯವಲ್ಲ.

ಜಾದೂಗಾರರ ಅನ್ನಕ್ಕೆ ಕಲ್ಲು ಹಾಕುವ ಉದ್ದೇಶ ಈ ಲೇಖನಕ್ಕಿಲ್ಲ. ಇಲ್ಲಿ ಹೇಳಿದ್ದೆಲ್ಲ ಮುದ್ರಿತ ಪುಸ್ತಕಗಳಲ್ಲಿ ಹಿಂದಿನಿಂದಲೂ ದೊರೆಯುವಂಥದೇ. ಗುಟ್ಟು ತಿಳಿದಿದ್ದೂ ಬೆರಗಾಗುವಂತೆ ಮಾಡುವುದರಲ್ಲೇ ನುರಿತವರ ಹಿರಿಮೆಯಿದೆ. ಭಾನುವಾರದ ಪತ್ರಿಕೆ ಓದಿ ಮುಗಿದ ಮೇಲೆ ಒಂದು ಕಾಲಂ ಕತ್ತರಿಸಿಕೊಂಡು, ಮನೆಯ ಮಕ್ಕಳ ಮುಂದೆ ಮೊದಲ ಆಟವನ್ನು ಆಡಿ ನೋಡಿ. ಅವರು ಬೆರಗಾದ ನಂತರ ಗುಟ್ಟು ಹೇಳದೆ, ‘ಹೇಗೆ ಮಾಡಿರಬಹುದು?’ ಎಂದು ಅವರನ್ನೇ ಕೇಳಿ. ಕತ್ತರಿ ಮಾತ್ರ ದೊಡ್ಡವರ ಕೈಯಲ್ಲೇ ಇರಲಿ.