ಹೆಬ್ಬೆಟ್ಟಿನ ಸಾಕ್ಷಿ

ನಮ್ಮ ಮಾತಿನಲ್ಲಿ ‘ಹೆಬ್ಬೆಟ್ಟು’ ಎಂಬುದು ಬಹುಕಾಲ ಒಂದು ಬೆರಳಿನ ಹೆಸರು ಮಾತ್ರವಾಗಿರಲಿಲ್ಲ. ಅಕ್ಷರ ಬಾರದವನನ್ನು ‘ಹೆಬ್ಬೆಟ್ಟಿನವನು’ ಎನ್ನುತ್ತಿದ್ದರು. ಆ ಮಾತಿನಲ್ಲಿ ಮರುಕಕ್ಕಿಂತ ತಾತ್ಸಾರವೇ ಹೆಚ್ಚಾಗಿರುತ್ತಿತ್ತು. ರಾತ್ರಿಶಾಲೆಗೆ ಹೋಗಿ ರುಜು ಹಾಕಲು ಕಲಿತ ಹೆಂಗಸರು ಅದನ್ನೊಂದು ಬಿಡುಗಡೆಯೆಂದೇ ಭಾವಿಸಿದ್ದುಂಟು. ಈಗ ಕಾಲ ತಿರುಗಿದೆ. ಪ್ರಾಧ್ಯಾಪಕರೂ ಹೆಬ್ಬೆಟ್ಟು ಒತ್ತುತ್ತಾರೆ, ವಕೀಲರೂ ಒತ್ತುತ್ತಾರೆ. ಶಾಯಿಯಿಲ್ಲ, ಅಷ್ಟೆ. ಈ ತಿರುವು ಹೇಗೆ ಬಂದಿತು, ಅದರ ಸುತ್ತ ಎದ್ದ ವಾದವೇನು ಎಂಬುದನ್ನು ಈ ಹೊತ್ತು ವಿಚಾರಿಸೋಣ.

ಬೆರಳಚ್ಚಿನ ಆಡಳಿತ ಹುಟ್ಟಿದ್ದು ನಮ್ಮ ದೇಶದಲ್ಲಿಯೇ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ಒಬ್ಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯ ಗುರುತನ್ನು ಒತ್ತಿಸಿಕೊಂಡ. ಮುಂದೆ ಆತ ‘ಈ ರುಜು ನನ್ನದಲ್ಲ’ ಎನ್ನಬಾರದೆಂಬುದು ಉದ್ದೇಶ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ಸ್ಥಾಪನೆಯಾಯಿತು. ಹೀಗೆ ಈ ವಿದ್ಯೆಯ ತಾಯಿಬೇರು ಅಪನಂಬಿಕೆಯಲ್ಲಿದೆ. ಅದರಿಂದಲೇ ಅದು ಕೆಟ್ಟದೆಂದು ಹೇಳಲಾಗದು. ಬೀಗವೂ ಅಪನಂಬಿಕೆಯಿಂದಲೇ ಹುಟ್ಟಿದ್ದು.

2009ರಲ್ಲಿ ಕೇಂದ್ರ ಸರ್ಕಾರ ವಿಶಿಷ್ಟ ಗುರುತಿನ ಪ್ರಾಧಿಕಾರವನ್ನು ರಚಿಸಿ, ಬೆಂಗಳೂರಿನ ನಂದನ್ ನಿಲೇಕಣಿಯವರನ್ನು ಅದರ ಅಧ್ಯಕ್ಷರನ್ನಾಗಿ ನೇಮಿಸಿತು. ಕರ್ನಾಟಕದಲ್ಲಿ ಮೊದಲ ಪ್ರಯೋಗಕ್ಕೆ 2010ರಲ್ಲಿ ಆರಿಸಿಕೊಂಡದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳನ್ನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳೆಲ್ಲ ಸೇರಿದ ಈ ಬರದ ಜಿಲ್ಲೆ ಒಂದು ವಿಷಯದಲ್ಲಾದರೂ ಮೊದಲ ಸಾಲಿನಲ್ಲಿ ನಿಂತಿತು. ಹತ್ತು ಬೆರಳು, ಎರಡು ಕಣ್ಣಿನ ಪಾಪೆ, ಒಂದು ಮುಖಚಿತ್ರ. ಪ್ರತಿಯಾಗಿ 12 ಅಂಕಿಗಳ ಒಂದು ಸಂಖ್ಯೆ. ಆ ಸಂಖ್ಯೆಯೊಳಗೆ ಜಾತಿಯಿಲ್ಲ, ಊರಿಲ್ಲ. ಯಂತ್ರದ ಕೆಲಸವೂ ಸರಳ. ‘ಇವರು ಯಾರು?’ ಎಂದು ಅದು ಹುಡುಕುವುದಿಲ್ಲ. ‘ಇವರು ಇಂಥ ಸಂಖ್ಯೆಯವರೆಂದು ಹೇಳುತ್ತಿದ್ದಾರೆ, ನಿಜವೆ?’ ಎಂದು ಕೇಂದ್ರವನ್ನು ಕೇಳುತ್ತದೆ. ಅಲ್ಲಿಂದ ಬರುವುದು ಹೌದು ಅಥವಾ ಅಲ್ಲ ಎಂಬ ಒಂದೇ ಉತ್ತರ.

ಈ ಯೋಜನೆಯ ಪರವಾದ ವಾದವನ್ನು ಹಗುರವಾಗಿ ಕಾಣುವವರು ಪಾವಗಡದ ತಿರುಮಣಿಯಂತಹ ಊರನ್ನು ಒಮ್ಮೆ ನೋಡಬೇಕು. ತಾಲ್ಲೂಕಿನ ಬಹುಪಾಲು ಸುತ್ತಲೂ ಆಂಧ್ರದ ನೆಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಳೆ ಕೈಕೊಟ್ಟ ವರ್ಷ ಕೂಲಿಗಾಗಿ ಬೆಂಗಳೂರು. ಹಿಂದೆ ಇಂಥ ಊರುಗಳಲ್ಲಿ ‘ಇವನು ಇಂಥವನ ಮಗ’ ಎಂದು ಹೇಳುವ ಅಧಿಕಾರ ಪಟೇಲ-ಶಾನುಭೋಗರದಾಗಿತ್ತು. ಅವರಿಗೆ ಎಲ್ಲರೂ ಗೊತ್ತು. ಆದರೆ ಗೊತ್ತಿದ್ದೂ ಗೊತ್ತಿಲ್ಲವೆನ್ನುವ ಶಕ್ತಿಯೂ ಅವರಿಗಿತ್ತು. ಅದರ ಬಿಸಿ ತಟ್ಟಿದ್ದು ಜಮೀನಿಲ್ಲದವರಿಗೆ, ಕೇರಿಯವರಿಗೆ, ಗಂಡನಿಲ್ಲದ ಹೆಂಗಸರಿಗೆ. 1960ರ ದಶಕದಲ್ಲಿ ಆ ಹುದ್ದೆಗಳು ಹೋದವು. ಪರಿಚಯದವರ ಶಿಫಾರಸು ಮಾತ್ರ ಅಷ್ಟು ಬೇಗ ಹೋಗಲಿಲ್ಲ. ಯಾರ ದಾಕ್ಷಿಣ್ಯವೂ ಇಲ್ಲದ, ಊರು ಬಿಟ್ಟರೂ ಜೊತೆಯಲ್ಲಿ ಬರುವ ಒಂದು ಗುರುತು ಅಂಥವರಿಗೆ ಸಣ್ಣ ವರವಲ್ಲ.

ತಿರುಮಣಿಗೆ ಕಾಗದದ ಬೆಲೆ ಇನ್ನೊಂದು ಬಗೆಯಿಂದಲೂ ತಿಳಿಯಿತು. ಅಲ್ಲಿಯೂ ಸುತ್ತಣ ನಾಲ್ಕು ಹಳ್ಳಿಗಳಲ್ಲಿಯೂ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಉದ್ಯಾನ ಬಂದಿದೆ, ಉದ್ಘಾಟನೆಯಾದದ್ದು 2018ರಲ್ಲಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಆರಂಭವಾಯಿತು. ಹಣ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ; ಅದೇ ನೆಲದಲ್ಲಿ ಕಡಲೆಕಾಯಿ ಕಿತ್ತು ಬದುಕಿದ ಕೂಲಿಯವರಿಗಲ್ಲ. ಹೆಸರಿನ ತೊಡಕು ಬೇರೆ. ಒಂದು ಕಾಗದದಲ್ಲಿ ತಿಮ್ಮಕ್ಕ, ಇನ್ನೊಂದರಲ್ಲಿ ತಿಮ್ಮಮ್ಮ. ಊರಿಗೆ ಅವರು ಒಬ್ಬರೇ, ಕಂಪ್ಯೂಟರಿಗೆ ಇಬ್ಬರು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕಾರ್ಯವನ್ನು ಕಂದಾಯ ಇಲಾಖೆ ಕೈಗೊಂಡಾಗ ಹೆಸರಿನ ಪ್ರಶ್ನೆಗೆ ಇನ್ನಷ್ಟು ತೂಕ ಬಂದಿತು.

ಇನ್ನು ವಿರೋಧದ ಮಾತು. ಮೊದಲ ಆಕ್ಷೇಪ ಬೆರಳಿನದಲ್ಲ, ಕಾನೂನಿನದು. ಸಂಸತ್ತಿನ ಶಾಸನವಿಲ್ಲದೆಯೇ ಕೋಟ್ಯಂತರ ಜನರ ದೇಹದ ಗುರುತುಗಳನ್ನು ಪಡೆಯಲಾಗುತ್ತಿತ್ತು. ಆಗ ಬಂದ ಮಸೂದೆಯನ್ನು 2011ರ ಡಿಸೆಂಬರಿನಲ್ಲಿ ಸಂಸತ್ತಿನ ಸ್ಥಾಯೀ ಸಮಿತಿ ಒಪ್ಪಲಿಲ್ಲ. ಯೋಜನೆ ಮಾತ್ರ ನಡೆದೇ ಇತ್ತು. ಇದನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರು ಕನ್ನಡಿಗರೇ ಆದ ಕೆ.ಎಸ್. ಪುಟ್ಟಸ್ವಾಮಿಯವರು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳು. ಆಗ ಅವರಿಗೆ 86 ವರ್ಷ. ಯೋಜನೆಯ ಕರ್ತೃವೂ ಬೆಂಗಳೂರಿನವರು, ಪ್ರಶ್ನಿಸಿದವರೂ ಬೆಂಗಳೂರಿನವರು ಎಂಬುದು ನನಗೆ ಈಗಲೂ ಸೋಜಿಗ. 2016ರಲ್ಲಿ ಹಣಕಾಸು ಮಸೂದೆಯ ರೂಪದಲ್ಲಿ ಶಾಸನ ಬಂದಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಮರುವರ್ಷದ ಸೆಪ್ಟೆಂಬರ್ 26ರಂದು ಐವರ ಪೀಠದಲ್ಲಿ ನಾಲ್ವರು ಆಧಾರನ್ನು ಎತ್ತಿಹಿಡಿದರು. ಸರ್ಕಾರದ ಸಹಾಯಕ್ಕೆ ಅದನ್ನು ಕೇಳಬಹುದು. ಬ್ಯಾಂಕ್ ಖಾತೆಗೂ ಮೊಬೈಲಿಗೂ ಕಡ್ಡಾಯ ಮಾಡಬಾರದು ಎಂದರು. ಭಿನ್ನ ತೀರ್ಪಿತ್ತ ನ್ಯಾಯಮೂರ್ತಿ ಚಂದ್ರಚೂಡರು ಶಾಸನ ಬಂದ ಬಗೆಯೇ ಸಂವಿಧಾನಕ್ಕೆ ಬಗೆದ ವಂಚನೆ ಎಂದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಇಂಗ್ಲೆಂಡಿನಲ್ಲಿಯೂ ಇಂಥ ವಾದ ನಡೆದಿತ್ತು. ಅಲ್ಲಿ 2006ರಲ್ಲಿ ಗುರುತಿನ ಚೀಟಿಯ ಕಾಯಿದೆ ಮಾಡಿ, 2010ರಲ್ಲಿ ಅದನ್ನೇ ರದ್ದುಪಡಿಸಿದರು. 2025ರಲ್ಲಿ ಡಿಜಿಟಲ್ ಗುರುತೆಂಬ ಹೆಸರಿನಲ್ಲಿ ಅದು ಮತ್ತೆ ಎದ್ದಿತು. ಅಲ್ಲಿನ ಭಯ, ಸರ್ಕಾರ ನಮ್ಮನ್ನು ಅತಿಯಾಗಿ ನೋಡೀತು ಎಂಬುದು. ನಮ್ಮ ಪಟ್ಟಣದ ವಿದ್ಯಾವಂತರಿಗೂ ಆ ಭಯವಿದೆ, ಇರಬೇಕಾದದ್ದೇ. ಆದರೆ ಹಳ್ಳಿಯ ಬಡವರ ಭಯ ತಿರುಗುಮುರುಗು: ಯಂತ್ರ ತಮ್ಮನ್ನು ನೋಡದೆ ಹೋದರೆ?

ಇದು ಬರಿಯ ಕಲ್ಪನೆಯಲ್ಲ. ಸರ್ಕಾರಿ ಸೇವೆಗಳಲ್ಲಿ ಬೆರಳಚ್ಚು ಮುಂತಾದವು ತಾಳೆಯಾಗುವ ಪ್ರಮಾಣ ನೂರಕ್ಕೆ 88 ಎಂದು 2018ರಲ್ಲಿ ನ್ಯಾಯಾಲಯಕ್ಕೆ ತಿಳಿಸಿದ್ದು ಪ್ರಾಧಿಕಾರವೇ. ತಾಳೆಯಾಗಲಿಲ್ಲವೆಂದರೆ ಸೌಲಭ್ಯ ನಿರಾಕರಿಸಿದಂತಲ್ಲ, ಬೇರೆ ದಾರಿಗಳಿವೆ ಎಂಬುದು ಅದರ ಸಮಾಧಾನ. 2017ರ ಜುಲೈನಲ್ಲಿ ಗೋಕರ್ಣದಲ್ಲಿ ಒಂದೇ ಮನೆಯ ಮೂವರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸತ್ತರು. ಆಧಾರ್ ಜೋಡಣೆಯಾಗದೆ ಆ ಮನೆಗೆ ಪಡಿತರ ನಿಂತಿತ್ತೆಂದು ನಾಗರಿಕ ಹಕ್ಕುಗಳ ಕಾರ್ಯಕರ್ತರು ವರದಿ ಮಾಡಿದರು. ಹಸಿವಿನ ಸಾವೆಂಬುದನ್ನು ಅಧಿಕಾರಿಗಳು ಒಪ್ಪಲಿಲ್ಲ.

ಆ ‘ಬೇರೆ ದಾರಿ’ಯನ್ನು ನಾನೊಮ್ಮೆ ಹತ್ತಿರದಿಂದ ಕಂಡೆ. ನಮ್ಮ ಸೀಮೆಯ ಒಂದು ನ್ಯಾಯಬೆಲೆ ಅಂಗಡಿ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಯಂತ್ರದ ಮೇಲೆ ಹೆಬ್ಬೆರಳಿಟ್ಟರು. ಕಡಲೆಕಾಯಿ ಬಿಡಿಸಿ ಬಿಡಿಸಿ ಸವೆದ ಬೆರಳು. ಯಂತ್ರ ಒಪ್ಪಲಿಲ್ಲ. ಸೀರೆಯ ಸೆರಗಿಗೆ ಒರಸಿ ಮತ್ತೆ ಇಟ್ಟರು.

“ನಾನ್ಯಾರು ಅಂತ ನಿನಗೆ ಗೊತ್ತಿಲ್ವೇನಪ್ಪ?”

“ನನಗೆ ಗೊತ್ತಜ್ಜಿ. ಇದಕ್ಕೆ ಗೊತ್ತಾಗ್ತಿಲ್ಲ.”

ಅಂಗಡಿಯವನು ಕೆಟ್ಟವನಲ್ಲ, ಆಕೆಯ ಮೊಮ್ಮಗನ ಜೊತೆಯಲ್ಲಿ ಓದಿದವನು. ತಾಳೆಯಾಗದವರಿಗೆ ಬರೆದುಕೊಂಡು ಕೊಡುವ ಪುಸ್ತಕ ಇಲ್ಲವೆ ಎಂದು ನಾನು ಕೇಳಿದೆ. “ಇದೆ ಸಾರ್. ಅದರಲ್ಲಿ ಹೆಸರು ಹೆಚ್ಚಾದರೆ ಮೇಲಿನವರು ನನ್ನನ್ನೇ ಕೇಳ್ತಾರೆ” ಎಂದ. ಯಂತ್ರದ ತಪ್ಪಿಗೆ ಯಾರು ಉತ್ತರ ಹೇಳಬೇಕೆಂಬ ಪ್ರಶ್ನೆ, ದೆಹಲಿಯ ನ್ಯಾಯಪೀಠದಿಂದ ಇಳಿದು ಬಂದು, ಆ ಅಂಗಡಿಯ ಮೂಲೆಯಲ್ಲಿ ತೆರೆಯದೆ ಬಿದ್ದಿದ್ದ ಪುಸ್ತಕವೊಂದರಲ್ಲಿ ಕುಳಿತಿತ್ತು.

ಅಜ್ಜಿ ನಲ್ಲಿಯಲ್ಲಿ ಕೈ ತೊಳೆದು ಬಂದು ಒಂದೊಂದಾಗಿ ಇಟ್ಟು ನೋಡಿದರು. ಎಡಗೈಯ ಉಂಗುರದ ಬೆರಳಿಗೆ ಯಂತ್ರ ಹೂಗುಟ್ಟಿತು. ಅಕ್ಕಿಯನ್ನು ಚೀಲಕ್ಕೆ ಸುರಿಸಿಕೊಳ್ಳುತ್ತ, “ಬರೋ ತಿಂಗಳಿಗೆ ಯಾವ ಬೆರಳೋ?” ಎಂದರು. ಅಂಗಡಿಯವನು ನಕ್ಕ. ಅವರು ನಗಲಿಲ್ಲ.