ಗಿಡ್ಡ ಸಕುರ ಅಂಗಳಕ್ಕೆ ಬಂದ ಬಗೆ

ಜಪಾನಿನ ಹೂಚೆರ್ರಿ, ಅಂದರೆ ಅಲ್ಲಿನವರು 'ಸಕುರ' ಎಂದು ಕರೆಯುವ ಮರ, ನದಿದಂಡೆಯುದ್ದಕ್ಕೂ ಸಾಲುಗಟ್ಟಿ ನಿಂತು, ಎಲೆ ಮೂಡುವ ಮೊದಲೇ ಒಟ್ಟಿಗೆ ಅರಳಿ ಒಟ್ಟಿಗೆ ಉದುರುವ ದೊಡ್ಡ ಮರಗಳ ರೂಪದಲ್ಲಿಯೇ ಜಗತ್ತಿಗೆ ಪರಿಚಿತವಾಗಿದೆ. ಈ ಪರಿಚಯಕ್ಕೆ ಬಹುಪಾಲು ಕಾರಣವಾದ 'ಸೊಮೆಯ್ ಯೊಶಿನೊ' ತಳಿಯು 19ನೆಯ ಶತಮಾನದಲ್ಲಿ, ಇಂದು ಟೋಕಿಯೊ ನಗರದೊಳಗೆ ಸೇರಿಹೋಗಿರುವ ಸೊಮೆಯ್ ಎಂಬ ತೋಟಗಾರರ ಹಳ್ಳಿಯಿಂದ ಹರಡಿತು. ಅದರ ಮರಗಳೆಲ್ಲ ಕಸಿಯಿಂದಲೇ ಬೆಳೆದವಾದ್ದರಿಂದ ಅವು ಒಂದೇ ಮರದ ಪಡಿಯಚ್ಚುಗಳು. ಮನೆಯಂಗಳದಲ್ಲಿ ಬೆಳೆಯುವ ಗಿಡ್ಡ ಚೆರ್ರಿಯ ವಂಶಾವಳಿ ಮಾತ್ರ ಬೇರೆ ಕಡೆಗೆ, ಫ್ಯೂಜಿ ಪರ್ವತದ ಇಳಿಜಾರುಗಳಿಗೆ, ಕರೆದೊಯ್ಯುತ್ತದೆ.

ಫ್ಯೂಜಿ ಮತ್ತು ಹಕೊನೆ ಸೀಮೆಯ ಜ್ವಾಲಾಮುಖಿ ಮಣ್ಣಿನಲ್ಲಿ ತಾನಾಗಿ ಬೆಳೆಯುವ 'ಮಮೆಜಕುರ' ಪೊದೆಗೂ ಮರಕ್ಕೂ ನಡುವಣ ಗಿಡ. ಅದರ ಹೂವು ಸುಮಾರು 2 ಸೆಂಟಿಮೀಟರ್ ಅಗಲದ್ದು, ಬಿಳಿಯೋ ನಸುಗೆಂಪೋ ಆಗಿ ತಲೆ ತಗ್ಗಿಸಿ ತೂಗುತ್ತದೆ. ಎಲೆಯ ಅಂಚು ಆಳವಾಗಿ ಕಚ್ಚುಕಚ್ಚಾಗಿರುತ್ತದೆ. ಈ ಕಚ್ಚುಗಳನ್ನೇ ಲಕ್ಷಣವಾಗಿ ಹಿಡಿದು ಸ್ವೀಡನ್ನಿನ ಕಾರ್ಲ್ ಪೀಟರ್ ತುನ್‌ಬರ್ಗ್ 1784ರ ತನ್ನ 'ಫ್ಲೋರಾ ಜಪೋನಿಕಾ' ಗ್ರಂಥದಲ್ಲಿ ಗಿಡಕ್ಕೆ 'ಪ್ರೂನಸ್ ಇನ್ಸೈಸಾ' ಎಂಬ ಹೆಸರನ್ನು ಕೊಟ್ಟ. ಲಿನೇಯಸ್‌ನ ಶಿಷ್ಯನಾದ ಈತ ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ 1775ರಲ್ಲಿ ಜಪಾನಿಗೆ ಹೋದಾಗ ವಿದೇಶೀಯರು ನಾಗಸಾಕಿಯ ದೆಜಿಮಾ ಎಂಬ ಪುಟ್ಟ ಕೃತಕ ದ್ವೀಪವನ್ನು ಬಿಟ್ಟು ಮನಬಂದಂತೆ ಅಲೆಯುವಂತಿರಲಿಲ್ಲ. 1776ರಲ್ಲಿ, ಜಪಾನನ್ನು ಆಳುತ್ತಿದ್ದ ಶೋಗುನ್‌ನ ದರ್ಶನಕ್ಕೆಂದು ಎಡೊ (ಇಂದಿನ ಟೋಕಿಯೊ) ಪಟ್ಟಣಕ್ಕೆ ಹೊರಟ ಡಚ್ಚರ ನಿಯೋಗದಲ್ಲಿ ಸೇರಿಕೊಂಡು ಹಕೊನೆಯ ಘಟ್ಟ ದಾಟುವಾಗ ಆತ ಸಿಕ್ಕಷ್ಟು ಗಿಡಗಳನ್ನು ಶೇಖರಿಸಿಕೊಂಡ. ಕಾವಲುಗಾರರ ನಡುವೆ ಆತುರಾತುರವಾಗಿ ನಡೆದ ಇಂತಹ ಸಸ್ಯಶೋಧ ವಿಜ್ಞಾನದ ಚರಿತ್ರೆಯಲ್ಲಿ ವಿರಳವೆನ್ನಬೇಕು.

ಹೆಸರು ಸಿಕ್ಕರೂ ಗಿಡಕ್ಕೆ ತೋಟಗಳಲ್ಲಿ ಮನ್ನಣೆ ಸಿಗಲು ಒಂದೂವರೆ ಶತಮಾನವೇ ಹಿಡಿಯಿತು. ಅದರ ಶ್ರೇಯಸ್ಸಿನ ದೊಡ್ಡ ಪಾಲು ಇಂಗ್ಲೆಂಡಿನ ಕಾಲಿಂಗ್‌ವುಡ್ ಇಂಗ್ರಾಮ್‌ಗೆ (1880–1981) ಸಲ್ಲಬೇಕು. ಮೊದಲು ಪಕ್ಷಿಶಾಸ್ತ್ರದಲ್ಲಿ ಮುಳುಗಿದ್ದ ಆತ, ಕೆಂಟ್ ಪ್ರಾಂತದ ಬೆನೆಂಡೆನ್‌ನಲ್ಲಿ ಕೊಂಡ ಮನೆಯ ಹಳೆಯ ಚೆರ್ರಿ ಮರಗಳಿಂದ ಆಕರ್ಷಿತನಾಗಿ ತಳಿಸಂಗ್ರಹಕ್ಕೆ ಇಳಿದ. 1926ರಲ್ಲಿ ಜಪಾನಿಗೆ ಹೋದಾಗ, ಹಳೆಯ ತಳಿಗಳು ನಿರ್ಲಕ್ಷ್ಯದಿಂದ ಅಳಿದುಹೋಗುತ್ತಿವೆ ಎಂದು ಅಲ್ಲಿನ ಚೆರ್ರಿ ಪ್ರಿಯರ ಸಂಘದ ಎದುರೇ ಎಚ್ಚರಿಸಿದ. ಎಲ್ಲೆಲ್ಲೂ ಸೊಮೆಯ್ ಯೊಶಿನೊವನ್ನೇ ನೆಡುತ್ತಿದ್ದ ಕಾಲದಲ್ಲಿ ಪರದೇಶಿಯೊಬ್ಬನ ಈ ಮಾತು ದಿಟ್ಟತನದ್ದೇ. ಆತ ಮಮೆಜಕುರವನ್ನು ತೈವಾನಿನ ಚೆರ್ರಿಯೊಡನೆ ಕೂಡಿಸಿ 'ಒಕಾಮೆ'ಯನ್ನೂ, ಒಶಿಮಾ ಚೆರ್ರಿಯೊಡನೆ ಕೂಡಿಸಿ 'ಉಮಿನೆಕೊ'ವನ್ನೂ ಪಡೆದ. ಇವು ಕುಳ್ಳ ತಳಿಗಳಲ್ಲವಾದರೂ, ಬೆಟ್ಟದ ಆ ಸಣ್ಣ ಗಿಡದತ್ತ ತೋಟಗಾರರ ಕಣ್ಣು ಹೊರಳಿಸಿದವು.

ಇಂದು ಯೂರೋಪಿನ ಸಣ್ಣ ಅಂಗಳಗಳಲ್ಲಿ ಹೆಚ್ಚಾಗಿ ಕಾಣುವುದು ಮಮೆಜಕುರದ 'ಕೊಜೊ ನೊ ಮಾಯ್' ಎಂಬ ತಳಿ. ಇದರ ರೆಂಬೆ ನೇರವಾಗಿ ಏರದೆ ಗೆಣ್ಣುಗೆಣ್ಣಿಗೂ ತಿರುಗಿ ಅಂಕುಡೊಂಕಾಗಿ ಸಾಗುತ್ತದೆ. ಬಹು ನಿಧಾನವಾಗಿ ಬೆಳೆದು ಸುಮಾರು ಎರಡು ಮೀಟರಿನ ಆಸುಪಾಸಿಗೆ ನಿಲ್ಲುತ್ತದೆ. ಎಲೆಯಿಲ್ಲದ ಚಳಿಗಾಲದಲ್ಲೂ ನೋಡುವಂತಿರುವುದು ಅದರ ವಿಶೇಷ. ಇದನ್ನು ಬೊನ್ಸಾಯ್ ಎಂದು ತಿಳಿಯುವುದು ಸರಿಯಲ್ಲ: ಬೊನ್ಸಾಯ್ ಎಂದರೆ ಬೇರನ್ನೂ ಕೊಂಬೆಯನ್ನೂ ವರ್ಷವರ್ಷ ಕತ್ತರಿಸಿ ಗಿಡವನ್ನು ಸಣ್ಣದಾಗಿ ಕಾಯ್ದುಕೊಳ್ಳುವ ಕಲೆ, ಕುಳ್ಳ ತಳಿಯಾದರೋ ಬಿಟ್ಟರೂ ಸಣ್ಣದಾಗಿಯೇ ಉಳಿಯುವಂಥದು. ಆದರೂ ಎರಡರ ಗಡಿ ಕೆಲವೆಡೆ ಬೆರೆತಿದೆ. 'ಅಸಹಿಯಾಮ' ಎಂಬ ಸುತ್ತುಹೂವಿನ ಗಿಡ್ಡ ತಳಿಯನ್ನು ಜಪಾನೀಯರು ಕುಂಡದಲ್ಲೇ ಬೆಳೆಸಿ ಬೊನ್ಸಾಯ್‌ಗೂ ಬಳಸುತ್ತಾರೆ.

ಕುಂಡದಲ್ಲಿ ಹಿಡಿಸುವ ಗಿಡವಾದರೂ ಗಿಡ್ಡ ಚೆರ್ರಿ ಎಲ್ಲೆಡೆ ಹೂಬಿಡುವುದಿಲ್ಲ. ಮುಂದಿನ ವಸಂತದ ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಮೂಡಿ, ಚಳಿಗಾಲದಲ್ಲಿ ನಿದ್ರೆಗೆ ಜಾರುತ್ತದೆ; ಹಲವು ವಾರಗಳ ಗಡುಸು ಚಳಿ ಸಾಕಷ್ಟು ತಾಗಿದ ಮೇಲಷ್ಟೇ ಬೆಚ್ಚನೆಯ ದಿನಗಳಿಗೆ ಅದು ಓಗೊಡುತ್ತದೆ. ಬೆಂಗಳೂರಿನ ಹದವಾದ ಚಳಿ ಇದಕ್ಕೆ ಏನೇನೂ ಸಾಲದು. ಅಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಗುಲಾಬಿ ಬಣ್ಣದಲ್ಲಿ ಅರಳಿ ಚೆರ್ರಿ ಎನಿಸಿಕೊಳ್ಳುವ ಮರಗಳು ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಟಬೆಬುಯಾಗಳು, ಚೆರ್ರಿಗೆ ನಂಟರೂ ಅಲ್ಲ. ಭಾರತದ ನಿಜವಾದ ಕಾಡುಚೆರ್ರಿ ಹಿಮಾಲಯದ 'ಪದ್ಮ'. ಶಿಲ್ಲಾಂಗ್‌ನಲ್ಲಿ ನವೆಂಬರಿನಲ್ಲಿ ಅರಳುವ ಅದರ ಹೆಸರಿನಲ್ಲಿ ಉತ್ಸವವೂ ನಡೆಯುತ್ತದೆ.

ಚಳಿಯ ನಾಡುಗಳಲ್ಲಿ ಗಿಡ್ಡ ಚೆರ್ರಿಯನ್ನು ಬೆಳೆಸುವುದು ಕಷ್ಟವಲ್ಲ. ಬಿಸಿಲು ಬೇಕು, ನೀರು ನಿಲ್ಲದ ಮಣ್ಣು ಬೇಕು. ಎಲೆ ಉದುರಿದ ಕಾಲದಲ್ಲಿ ನೆಡುವುದು ವಾಡಿಕೆ. ಚೆರ್ರಿಯನ್ನು ಕಡಿಯುವವನು ದಡ್ಡ ಎಂಬ ಅರ್ಥದ ಗಾದೆಯೊಂದು ಜಪಾನಿನಲ್ಲಿದೆ, ಅದರಲ್ಲಿ ಹುರುಳೂ ಇದೆ: ಕತ್ತರಿಸಿದ ಗಾಯದ ಮೂಲಕ ಶಿಲೀಂಧ್ರಗಳು ಕಾಂಡದೊಳಕ್ಕೆ ಸುಲಭವಾಗಿ ಇಳಿಯುತ್ತವೆ. ಸವರುವುದು ಅನಿವಾರ್ಯವಾದರೆ ಬ್ರಿಟನ್ನಿನ ತೋಟಗಾರರು ಎಲೆಯನ್ನು ಬೆಳ್ಳಿಬಣ್ಣಕ್ಕೆ ತಿರುಗಿಸುವ ಶಿಲೀಂಧ್ರರೋಗಕ್ಕೆ ಹೆದರಿ ಒಣ ಬೇಸಿಗೆಯನ್ನೇ ಆರಿಸಿಕೊಳ್ಳುತ್ತಾರೆ. ಕೊಜೊ ನೊ ಮಾಯ್ ತನ್ನದೇ ಬೇರಿನ ಮೇಲೆ ಬೆಳೆದರೆ ಪೊದೆಯಾಗುತ್ತದೆ. ಪುಟ್ಟ ಮರದಂತೆ ಕಾಣಬೇಕಾದರೆ ಬೇರೆ ಚೆರ್ರಿಯ ಉದ್ದ ಕಾಂಡದ ತುದಿಗೆ ಅದನ್ನು ಕಸಿಕಟ್ಟಿರುತ್ತಾರೆ. ಹೀಗೆ ಕಸಿಮಾಡಿದ ಗಿಡದಲ್ಲಿ ಕಸಿಗಂಟಿನ ಕೆಳಗೆ ಏಳುವ ಚಿಗುರನ್ನು ಕಂಡಕೂಡಲೇ ಬುಡಸಮೇತ ಕಿತ್ತುಹಾಕಬೇಕು. ಹೂವಿನ ಆಸೆಯಿಂದ ಅದನ್ನು ಬಿಟ್ಟವರ ಅಂಗಳದಲ್ಲಿ ಕೆಲವೇ ವರ್ಷಗಳಲ್ಲಿ ಆಶ್ರಯ ಕೊಟ್ಟ ತಳಿಯೇ ಮೇಲೆದ್ದು, ಮಾಡನ್ನೂ ಮೀರಿದ ಕಾಡುಚೆರ್ರಿಯ ಮರವಾಗಿ ನಿಲ್ಲುವುದುಂಟು.