ರೊಟ್ಟಿ ಒಂದು, ಬ್ಯಾಳಿ ಎರಡು ಬಟ್ಟಲು

ತೂಕ ಇಳಿಸಲು ಹೊರಟ ಬೀದರಿನವರು ಮೊದಲು ಮಾಡುವ ಕೆಲಸ ಅನ್ನ ಬಿಟ್ಟು ಜೋಳದ ರೊಟ್ಟಿ ಹಿಡಿಯುವುದು. ರೊಟ್ಟಿಯಲ್ಲಿ ನಾರು ಹೆಚ್ಚು, ಹೊಟ್ಟೆ ತಡೆಯುತ್ತದೆ, ಸರಿ. ಆದರೆ 100 ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ಜೋಳದಲ್ಲೂ 70ರ ಆಸುಪಾಸು ಇದೆ. 2025ರಲ್ಲಿ ಹೊರಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತೀಯರ ಕ್ಯಾಲರಿಯಲ್ಲಿ ಶೇ 62 ಕಾರ್ಬೋಹೈಡ್ರೇಟ್‌ನದು, ಪ್ರೋಟೀನ್ ಪಾಲು ಶೇ 12 ಮಾತ್ರ. ಅಕ್ಕಿಯ ಜಾಗಕ್ಕೆ ಗೋಧಿ, ಸಿರಿಧಾನ್ಯ ತಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯ ಅಪಾಯ ತಗ್ಗಲಿಲ್ಲ. ಆ ಜಾಗದ ಒಂದಿಷ್ಟನ್ನು ಕಾಳು, ಹಾಲು-ಮೊಸರಿನ ಪ್ರೋಟೀನ್‌ಗೆ ಕೊಟ್ಟಾಗ ತಗ್ಗಿತು.

ಪ್ರೋಟೀನ್ ಅರಗಿಸಲು ದೇಹ ಅದರದೇ ಕ್ಯಾಲರಿಯ ಶೇ 20–30ರಷ್ಟನ್ನು ಖರ್ಚು ಮಾಡುತ್ತದೆ, ಕಾರ್ಬೋಹೈಡ್ರೇಟ್‌ಗೆ ಶೇ 5–10 ಸಾಕು. ಹಸಿವೂ ತಡವಾಗಿ ಆಗುತ್ತದೆ. ಮೊದಲ ವಾರ ಎರಡು ಕಿಲೋ ಇಳಿದರೆ ಹಿಗ್ಗಬೇಡಿ, ಅದರಲ್ಲಿ ಬಹುಪಾಲು ನೀರು. ಸ್ನಾಯು, ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ಅದು ಕರಗಿದಾಗ ನೀರೂ ಹೋಗುತ್ತದೆ. ಕೊಬ್ಬು ಇಳಿಯುವುದು ನಿಧಾನ.

70 ಕಿಲೋ ತೂಕದವರಿಗೆ ದಿನಕ್ಕೆ ಕನಿಷ್ಠ 58 ಗ್ರಾಂ ಪ್ರೋಟೀನ್ ಬೇಕು. ಬೀದರ್ ಜಿಲ್ಲೆಯಲ್ಲಿ ಇದಕ್ಕೆ ಡಬ್ಬಿಯ ಪುಡಿ ಕೊಳ್ಳುವುದು ತಮಾಷೆಯೇ ಸರಿ. ಭಾಲ್ಕಿ, ಔರಾದ್ ಕಡೆಯ ಹೊಲಗಳಲ್ಲಿ ಮುಂಗಾರಿಗೆ ಸೋಯಾ, ತೊಗರಿ, ಹೆಸರು, ಉದ್ದು ಬೆಳೆಯುತ್ತವೆ. ಬೆಳಗ್ಗೆ 50 ಗ್ರಾಂ ಹೆಸರುಕಾಳಿನ ಉಸುಳಿಯಿಂದ 12 ಗ್ರಾಂ, ಮಧ್ಯಾಹ್ನ 50 ಗ್ರಾಂ ತೊಗರಿಬ್ಯಾಳಿಯಿಂದ 11, ಒಂದು ದೊಡ್ಡ ಬಟ್ಟಲು ಮೊಸರಿನಿಂದ 6, ರಾತ್ರಿ 30 ಗ್ರಾಂ ಸೋಯಾ ಚಂಕ್ಸ್‌ನಿಂದ 15, ಎರಡು ಮೊಟ್ಟೆಯಿಂದ 12. ಹೊತ್ತಿಗೊಂದು ರೊಟ್ಟಿ ಸೇರಿದರೆ 60 ದಾಟುತ್ತದೆ. ಮೊಟ್ಟೆ ತಿನ್ನದವರು ಪನೀರ್ ತಿನ್ನಲಿ. ಹೊಲದ ಸೋಯಾ ಕಾಳನ್ನೇ ಬಳಸುವುದಾದರೆ ನೆನೆಸಿ ಚೆನ್ನಾಗಿ ಬೇಯಿಸಬೇಕು. ಹಸಿ ಕಾಳಿನಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶವಿದೆ.

ಬ್ಯಾಳಿಯಲ್ಲೂ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟೇ. ಹಾಗಾಗಿ ನಾಲ್ಕು ರೊಟ್ಟಿ ಹಾಗೇ ಇಟ್ಟುಕೊಂಡು ಬ್ಯಾಳಿ ಹೆಚ್ಚಿಸಿದರೆ ತೂಕ ಏರುತ್ತದೆ. ರೊಟ್ಟಿ ಇಳಿದ ಜಾಗ ಪುಂಡಿಪಲ್ಯ, ಮೆಂತ್ಯ, ಸೌತೆಕಾಯಿಗೆ ಹೋಗಲಿ. ಶೇಂಗಾ ಹಿಂಡಿ (ಚಟ್ನಿಪುಡಿ) ಚಮಚದ ಲೆಕ್ಕದಲ್ಲಿರಲಿ, ಅದರಲ್ಲಿ ಅರ್ಧದಷ್ಟು ಎಣ್ಣೆ.

ಬೀದರ್ ಕೋಟೆಯೊಳಗೆ ಅರ್ಧ ಗಂಟೆ ಬಿರುಸಾಗಿ ನಡೆದರೆ ಕರಗುವುದು ಹೆಚ್ಚೂಕಡಿಮೆ ಒಂದು ರೊಟ್ಟಿಯಷ್ಟು ಕ್ಯಾಲರಿ. ಬರೀ ನಡಿಗೆಯಿಂದ ತೂಕ ಇಳಿಸುವುದು ಕಷ್ಟ ಎಂಬುದು ಇದರಿಂದಲೇ ತಿಳಿಯುತ್ತದೆ. ವ್ಯಾಯಾಮದ ನಿಜವಾದ ಕೆಲಸ ಬೇರೆ: ಊಟ ಕಡಿಮೆಯಾದಾಗ ಕೊಬ್ಬಿನ ಜೊತೆ ಸ್ನಾಯುವೂ ಸವೆಯುತ್ತದೆ, ಅದನ್ನು ಉಳಿಸುವುದು ಭಾರದ ಕಸರತ್ತು. ತಾಲೀಮಿನ ಬಸ್ಕಿ, ದಂಡ ಸಾಕು, ವಾರಕ್ಕೆ ಎರಡು ದಿನವಾದರೂ. ಮಂಡಿ ನೋವಿದ್ದವರು ಕುರ್ಚಿ ಮೇಲೆ ಕೂತು ಏಳಲಿ, ಗೋಡೆಗೆ ಕೈಯೂರಿ ದಂಡ ಹೊಡೆಯಲಿ. ಇದರ ಜೊತೆಗೆ ವಾರಕ್ಕೆ 150 ನಿಮಿಷ ನಡಿಗೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ರೊಟ್ಟಿ ಇಳಿಸಿದರೆ ಸಕ್ಕರೆ ಪ್ರಮಾಣ ಕುಸಿದು ತಲೆ ತಿರುಗಬಹುದು. ಮೊದಲು ವೈದ್ಯರಿಂದ ಮದ್ದಿನ ಪ್ರಮಾಣ ಸರಿಮಾಡಿಸಿಕೊಳ್ಳಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಎಷ್ಟು ಪ್ರೋಟೀನ್ ತಿನ್ನಬಹುದೆಂದು ಕೇಳಿದ ಮೇಲಷ್ಟೇ ಬ್ಯಾಳಿ ಹೆಚ್ಚಿಸಲಿ.